ಚಿಕ್ಕಮ್ಮ ಮತ್ತು ಎಣ್ಣೆಕಲ್ಲು

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಚಿಕ್ಕಪ್ಪ ನನಗಿಂತ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದರು: “ಕಲ್ಲು ಹುರಿಯುವುದು.” ವಡೋದರಾದ ಫತೇಗಂಜ್‌ನಲ್ಲಿ ಉಡುಪಿ ಹೋಟೆಲು ನಡೆಸುತ್ತ ತಲೆ ನರೆತ ಮನುಷ್ಯ. ಅವರ ಪ್ರಕಾರ ಪ್ರಪಂಚದಲ್ಲಿ ಇರುವುದೇ ನಾಲ್ಕು ಕೆಲಸ: ರುಬ್ಬುವುದು, ಬೇಯಿಸುವುದು, ಹುರಿಯುವುದು, ಗಲ್ಲಾದಲ್ಲಿ ಕೂರುವುದು. ನನ್ನ ಭೂರಸಾಯನ ವಿಜ್ಞಾನವನ್ನು ಅವರು ಹುರಿಯುವ ವಿಭಾಗಕ್ಕೆ ಹಾಕಿದ್ದು ಪೂರ್ತಿ ತಪ್ಪೇನೂ ಅಲ್ಲ. ಅಹಮದಾಬಾದಿನ ಪ್ರಯೋಗಾಲಯದಲ್ಲಿ ನಾನು ಮಾಡುತ್ತಿದ್ದದ್ದು ಅದನ್ನೇ. ಕಲ್ಲನ್ನು ನುಣ್ಣಗೆ ಪುಡಿ ಮಾಡಿ, ಚಿಟಿಕೆಯಷ್ಟನ್ನು ಪುಟ್ಟ ಬಟ್ಟಲಿಗೆ ತುಂಬಿ, ಯಂತ್ರದೊಳಗೆ ಕಾಯಿಸಿ, ಅದು ಎಷ್ಟು ಎಣ್ಣೆ ಬಿಡುತ್ತದೆಂದು ನೋಡುವುದು.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನನಗೊಂದು ಬಾಡಿಗೆ ಕೋಣೆಯಿತ್ತು. ಆದರೆ ಶನಿವಾರ ಬಂದರೆ ವಡೋದರಾ ರೈಲು ಹತ್ತುತ್ತಿದ್ದೆ. ನಾನು ಬರುವುದು ಬಂಗುಡೆ ಮೀನಿನ ಗಸಿಯ ಆಸೆಗೆ ಎಂದು ಚಿಕ್ಕಪ್ಪ ಹೇಳುತ್ತಿದ್ದರು, ಅದೂ ನಿಜವೇ. ಸಸ್ಯಾಹಾರಿ ಹೋಟೆಲಿನ ಯಜಮಾನರ ಮನೆಯಲ್ಲಿ, ಕಿಟಕಿ ಮುಚ್ಚಿ, ಅಕ್ಕಪಕ್ಕದವರ ಮೂಗಿಗೆ ಹೆದರಿ ತಿನ್ನುವ ಬಂಗುಡೆಗೆ ಬೇರೆಯೇ ರುಚಿ. ಆದರೆ ನನಗಿಂತ ಹೆಚ್ಚು ಶನಿವಾರಕ್ಕೆ ಕಾಯುತ್ತಿದ್ದವರು ಚಿಕ್ಕಮ್ಮ. ಅವರ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು. ಊಟದ ಹೊತ್ತೊಂದನ್ನು ಬಿಟ್ಟರೆ ಚಿಕ್ಕಪ್ಪ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ಮನಸಾರೆ ಮಾತಾಡಲು, ಮನಸಾರೆ ಜಗಳವಾಡಲು ಚಿಕ್ಕಮ್ಮನಿಗೆ ಆ ಊರಿನಲ್ಲಿ ನಾನೊಬ್ಬಳೇ ಸಿಕ್ಕಿದ್ದೆ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸೂರತ್ ಆಚೆಯ ಒಂದು ಲಿಗ್ನೈಟ್ ಕಲ್ಲಿದ್ದಲಿನ ಗಣಿಗೆ ಹೋಗಿ ಎರಡು ಬಟ್ಟೆಚೀಲ ತುಂಬ ಆಯಿಲ್ ಶೇಲ್ ಕಲ್ಲು ತಂದಿದ್ದೆ. ಕಪ್ಪು ಕಂದು ಬಣ್ಣದ, ಪದರ ಪದರವಾದ ಕಲ್ಲು. ದಾರಿಯಲ್ಲಿ ವಡೋದರಾದಲ್ಲಿ ಇಳಿದೆ. ಕಲ್ಲು ಹಸಿಯಾಗಿದ್ದರಿಂದ ಬಾಲ್ಕನಿಯಲ್ಲಿ ಹರಡಿ ಊಟಕ್ಕೆ ಕುಳಿತೆ.

“ಎಂತ ಇದು, ಇದರಲ್ಲಿ ಎಣ್ಣೆ ಉಂಟಾ?” ಎಂದು ಚಿಕ್ಕಪ್ಪ ಕೇಳಿದರು.

ಹೆಸರಿನಲ್ಲಿ ಆಯಿಲ್ ಇದೆಯೇ ಹೊರತು ಕಲ್ಲಿನಲ್ಲಿ ಇನ್ನೂ ಎಣ್ಣೆ ಆಗಿಲ್ಲ ಎಂದೆ. ಕೋಟ್ಯಂತರ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತುಹೋದ ಪಾಚಿ, ಎಲೆ, ಕಡ್ಡಿ ಎಲ್ಲ ಸೇರಿ ಕೆರೋಜೆನ್ ಎಂಬ ವಸ್ತುವಾಗಿದೆ. ಭೂಮಿಯ ಆಳದಲ್ಲಿ ಸಾಕಷ್ಟು ಕಾವು ಸಿಕ್ಕಿದ್ದರೆ ಅದು ಎಣ್ಣೆಯಾಗುತ್ತಿತ್ತು, ಸಿಗಲಿಲ್ಲ. “ಹಿಟ್ಟು ಉಂಟು ಚಿಕ್ಕಪ್ಪ, ದೋಸೆ ಆಗ್ಲಿಲ್ಲ. ಇನ್ನು ನಾವೇ ಕಾವಲಿ ಕಾಯಿಸ್ಬೇಕು.”

“ಆ ಕಾವಲಿಗೆ ಗ್ಯಾಸ್ ಯಾರು ಕೊಡ್ತಾರೆ?”

ಪ್ರಪಂಚದ ದೊಡ್ಡ ದೊಡ್ಡ ಇಂಧನ ತಜ್ಞರು ತಲೆ ಕೆರೆದುಕೊಳ್ಳುತ್ತಿರುವುದೂ ಅಲ್ಲಿಯೇ. ಕಲ್ಲನ್ನು ಕಾಯಿಸಲು ಖರ್ಚಾಗುವ ಶಕ್ತಿಯನ್ನು ಕಳೆದರೆ ಕೈಗೆ ಉಳಿಯುವುದು ಎಷ್ಟು? ಮೇಲಿಂದ ಗುಡ್ಡದಷ್ಟು ಬೂದಿ ಬೇರೆ. ಇದನ್ನೆಲ್ಲ ವಿವರಿಸಿದಾಗ ಚಿಕ್ಕಪ್ಪ ನಕ್ಕುಬಿಟ್ಟರು. “ಅಂದ್ರೆ ನಾಲ್ಕು ದೋಸೆ ಹೊಯ್ಯುವಷ್ಟರಲ್ಲಿ ಮೂರು ದೋಸೆ ಭಟ್ಟನೇ ತಿಂದ ಹಾಗೆ! ಅಂಥ ಭಟ್ಟನನ್ನು ನಾನು ಒಂದು ದಿನ ಇಟ್ಟುಕೊಳ್ಳುದಿಲ್ಲ ಮಾರಾಯ್ತಿ.”

ನಗುವ ಸಂಗತಿಯೇ. ಆದರೆ ನನಗೆ ಅಷ್ಟು ನಗು ಬರಲಿಲ್ಲ. ಈ ಗಣಿಯ ಕಲ್ಲು ಒಳ್ಳೆಯ ಎಣ್ಣೆ ಬಿಟ್ಟರೆ ನಮ್ಮ ಅಧ್ಯಯನ ಇನ್ನೆರಡು ವರ್ಷ ನಡೆಯುತ್ತದೆ, ಬಿಡದಿದ್ದರೆ ನನ್ನನ್ನು ಅಸ್ಸಾಮಿಗೆ ಕಳಿಸುತ್ತಾರೆ ಎಂದು ಪ್ರಯೋಗಾಲಯದ ಸಾಹೇಬರು ಆಗಲೇ ಹೇಳಿದ್ದರು. ಅದನ್ನೂ ಹೇಳಿದೆ. ಚಿಕ್ಕಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು, “ಅಲ್ಲಿಂದ ಶನಿವಾರ ಬರ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ವರ್ಷಕ್ಕೊಮ್ಮೆ ಬಂದರೆ ಹೆಚ್ಚು ಎಂದೆ. ಚಿಕ್ಕಮ್ಮ ನನಗೆ ಇನ್ನೊಂದು ಬಂಗುಡೆ ಹಾಕಿದರು.

ಊಟದ ಮೇಲೆ ಗಡದ್ದಾಗಿ ನಿದ್ದೆ ಹೊಡೆದು ಎದ್ದಾಗ ಕಲ್ಲುಗಳನ್ನೆಲ್ಲ ಚಿಕ್ಕಮ್ಮ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಇಟ್ಟಿದ್ದರು. ಎಂಥ ಅಚ್ಚುಕಟ್ಟು ಎಂದು ಮೆಚ್ಚಿಕೊಂಡು ಹೊತ್ತು ತಂದೆ. ಮರುದಿನ ಚೀಲದಿಂದ ಒಂದು ಪಾಲು ನೇರ ಪುಡಿ ಮಾಡುವ ಕೋಣೆಗೆ ಹೋಯಿತು.

ಪುಡಿಯನ್ನು ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ಗೆರೆ ಎರಡು ಸಲ ಏಳಬೇಕು. ಕಲ್ಲಿನಲ್ಲಿ ಮೊದಲೇ ಇರುವ ಬಿಡಿ ಎಣ್ಣೆ ಸ್ವಲ್ಪ ಕಾವಿಗೇ ಹಾರಿಹೋಗುವಾಗ ಒಮ್ಮೆ, ಆಮೇಲೆ ಕೆರೋಜೆನ್ ಒಡೆದು ಎಣ್ಣೆಯಾಗುವಾಗ ಇನ್ನೊಮ್ಮೆ. ಇಂಥ ಎಳೆಯ ಕಲ್ಲಿನಲ್ಲಿ ಮೊದಲನೆಯದು ಬರೀ ಒಂದು ಉಬ್ಬು. ಅವತ್ತು ಅದು ಗಿರನಾರ್ ಬೆಟ್ಟದಂತೆ ಎದ್ದು ನಿಂತಿತು. ನಾನು ಕುಣಿಯುವುದೊಂದು ಬಾಕಿ. ಯೋಚನೆ ಗೀಚನೆ ಮಾಡದೆ ಮೊದಲು ಚಿಕ್ಕಮ್ಮನಿಗೆ ಫೋನು ಮಾಡಿದೆ.

“ಎಣ್ಣೆ ಬಂತು ಚಿಕ್ಕಮ್ಮ!”

“ಬಂತಾ? ನಂಗೆ ಗೊತ್ತಿತ್ತು ಮಗಾ, ಬರ್ತದೆ ಅಂತ ಗೊತ್ತಿತ್ತು,” ಎಂದು ಅವರು ನಕ್ಕ ನಗು ಕೇಳಿ ನನಗೆ ಇನ್ನೂ ಖುಷಿಯಾಯಿತು. ನನ್ನ ವಿದ್ಯೆಯ ಮೇಲೆ ಎಷ್ಟೊಂದು ಭರವಸೆ!

ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಎನ್ನುವ ಹಾಗೆ ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಗುಜರಾತಿನವರು, ಕನ್ನಡಕವನ್ನು ಮೂಗಿನ ತುದಿಗೆ ಇಟ್ಟುಕೊಂಡೇ ಹುಟ್ಟಿದವರು. ಗೆರೆಯನ್ನು ನೋಡಿದರು. ಹಿಟ್ಟೇ ಬೇಯದ ಮನೆಯಲ್ಲಿ ಇಷ್ಟು ದೋಸೆ ಎಲ್ಲಿಂದ ಬಂತು ಎಂಬ ಅನುಮಾನ ಅವರ ಮುಖದಲ್ಲಿ ಕಂಡಿತು. ಉಳಿದ ಪುಡಿಯ ಡಬ್ಬಿಯನ್ನು ಎತ್ತಿ ಮೂಸಿದರು. ನನ್ನ ತಲೆಯ ಕಡೆ ನೋಡಿದರು. ಮತ್ತೆ ಮೂಸಿದರು.

“ಬೆನ್, ಯೇ ಪತ್ಥರ್ ಹೈ ಯಾ ಚಟ್ನಿ?” ತಂಗೀ, ಇದು ಕಲ್ಲೋ ಚಟ್ನಿಯೋ ಎಂದು ಕೇಳಿದರು.

ಚೀಲದಲ್ಲಿ ಉಳಿದಿದ್ದ ಕಲ್ಲನ್ನು ತೆಗೆದು ನೋಡಿದೆ. ಒಂದೊಂದು ಕಲ್ಲೂ ಅಭ್ಯಂಜನ ಮುಗಿಸಿಕೊಂಡ ಮದುಮಗನಂತೆ ಫಳಫಳ ಹೊಳೆಯುತ್ತಿತ್ತು. ಕೋಣೆಯಿಡೀ ತೆಂಗಿನೆಣ್ಣೆಯ ವಾಸನೆ. ಲ್ಯಾಬಿನವರೆಲ್ಲ ಸರದಿಯ ಮೇಲೆ ಬಂದು ಮೂಸಿ, “ಮೇಡಂ, ಇಡ್ಲಿ ಯಾವಾಗ?” ಎಂದು ಕೇಳಿ ಹೋದರು. ಚಿಕ್ಕಮ್ಮನಿಗೆ ಫೋನು ಮಾಡಿದರೆ, “ಒಣಗಿ ಬಿರುಕು ಬಿಡ್ತಾ ಇತ್ತು ಮಗಾ, ಸ್ವಲ್ಪ ಎಣ್ಣೆ ಪಸೆ ಮಾಡಿದೆ,” ಎಂದರು. ಊರಿನಲ್ಲಿ ಮರದ ಮಣೆ, ದೋಸೆ ಕಾವಲಿ, ನೆಂಟರ ಮಂಡೆ ಯಾವುದನ್ನೂ ಎಣ್ಣೆ ಪಸೆ ಮಾಡದೆ ಬಿಡದ ಕೈ ಅದು. ನಂಬಿದೆ.

ಕಲ್ಲನ್ನು ಎಸೆಯಬೇಕಾಗಿರಲಿಲ್ಲ. ದೊಡ್ಡ ತುಂಡುಗಳನ್ನು ಒಡೆದು, ಎಣ್ಣೆ ಇಳಿದ ಹೊರಮೈಯನ್ನು ಕೆತ್ತಿ ತೆಗೆದು, ಎಣ್ಣೆ ತಾಗದ ತಿರುಳನ್ನಷ್ಟೇ ಪುಡಿ ಮಾಡಿ ಮತ್ತೆ ಕಾಯಿಸಿದೆ. ಬೆಟ್ಟ ಇಳಿದು ಉಬ್ಬಾಯಿತು. ಎರಡನೆಯ ಗೆರೆಯೂ ಆಸೆಪಟ್ಟಷ್ಟು ಏಳಲಿಲ್ಲ. ಕಲ್ಲಿನಲ್ಲಿದ್ದದ್ದು ಎಲೆ ಕಡ್ಡಿಯೇ ಹೆಚ್ಚು, ಎಣ್ಣೆ ಕೊಡುವ ಪಾಚಿ ಕಡಿಮೆ. ಸಾಹೇಬರು ನನ್ನ ಭುಜ ತಟ್ಟಿ, ಕೆಲಸ ಚೆನ್ನಾಗಿದೆ, ಕಲ್ಲು ಚೆನ್ನಾಗಿಲ್ಲ ಎಂದರು. ಅಸ್ಸಾಮಿನ ಆದೇಶ ಬರಲು ತಡವಾಗಲಿಲ್ಲ.

ಮುಂದಿನ ಶನಿವಾರ ವಡೋದರಾಕ್ಕೆ ಹೋದಾಗ ಚಿಕ್ಕಪ್ಪನ ಎದುರು ಚಿಕ್ಕಮ್ಮನನ್ನು ಸಾಕಷ್ಟು ಗೇಲಿ ಮಾಡಿದೆ. ಭೂಮಿ ಕೋಟಿಗಟ್ಟಲೆ ವರ್ಷಗಳಲ್ಲಿ ಮಾಡಲಾಗದ್ದನ್ನು ನೀವು ಒಂದು ಮಧ್ಯಾಹ್ನದಲ್ಲಿ ಮಾಡಿದಿರಿ ಎಂದೆ. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಮ್ಮನೂ ನಾಚಿಕೊಂಡು ನಕ್ಕರು.

“ಆಮೇಲೆ ಎಂತ ಮಾಡಿದಿ?” ಎಂದು ಚಿಕ್ಕಮ್ಮ ಕೇಳಿದರು.

“ಹೊರಗಿದ್ದು ಕೆತ್ತಿ ಬಿಸಾಡಿ ಒಳಗಿದ್ದು ಪರೀಕ್ಷೆ ಮಾಡಿದೆ.”

“ಬಂತಾ?”

“ಇಲ್ಲ. ಮುಂದಿನ ತಿಂಗಳು ಅಸ್ಸಾಮಿಗೆ ಹೋಗ್ಬೇಕು.”

ಚಿಕ್ಕಮ್ಮನ ನಗು ನಿಂತಿತು. ನನ್ನನ್ನು ಗದರಿಸುವಾಗ ಏರುವ ದನಿ ಏರಿತು, ಆದರೆ ಮಧ್ಯದಲ್ಲೇ ಒಡೆಯಿತು.

“ನೀನ್ಯಾಕೆ ಒಳಗಿದ್ದು ನೋಡ್ಲಿಕ್ಕೆ ಹೋದದ್ದು? ಹೊರಗಿದ್ದದ್ದು ಸಾಕಾಗ್ಲಿಲ್ವಾ? ಇಡೀ ಬಾಟ್ಲಿ ಹಾಕಿದ್ದೆ ನಾನು.”