ಎರಡು ಫ್ಲೆಕ್ಸಿಗೆ ಒಂದೇ ಫೋಟೋ

ಚಿಂತಾಮಣಿಯಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಹತ್ತಿರದ ಹಳ್ಳಿಯ ಪಂಚಾಯ್ತಿ ಮೆಂಬರೊಬ್ಬರು ಅಪಘಾತದಲ್ಲಿ ತೀರಿಕೊಂಡಾಗ, ಉಪಚುನಾವಣೆಗೆ ಅವರ ಹೆಂಡತಿಯನ್ನು ನಿಲ್ಲಿಸಿದರು. ಫೋಟೋ ತೆಗೆಸಲು ಮೈದುನ ಕರೆದುಕೊಂಡು ಬಂದ.

"ಕೈ ಮುಗಿದು ಸ್ವಲ್ಪ ನಗ್ರಮ್ಮ," ಅಂದೆ, ಎಲ್ಲರಿಗೂ ಹೇಳುವ ಹಾಗೆ.

"ನಗಬೇಡಿ ಅತ್ತಿಗೆ, ನಕ್ರೆ ವೋಟು ಬೀಳಲ್ಲ," ಅಂದ ಮೈದುನ.

ಆಕೆ ಕೈ ಇಳಿಸಿದರು. "ನನಗಿದು ಬೇಡ ಅಂತ ಮೊದಲೇ ಹೇಳ್ದೆ. ಬಲವಂತಕ್ಕೆ ಕರ್ಕೊಂಡು ಬಂದಿದ್ದೀರ. ಹೆಂಗಿರಬೇಕು ಅಂತ ನೀವಿಬ್ರೇ ಮಾತಾಡ್ಕೊಂಡು ಹೇಳ್ರಪ್ಪ."

ನಗದ ಫೋಟೋನೇ ಹಾಕಿದೆವು. ಮೇಲೆ, ಗಂಡ ಕೈ ಮುಗಿದು ನಿಂತಿದ್ದ ಹಳೇ ಫೋಟೋ. ಗೆದ್ದರು.

ಮುಂದಿನ ಚುನಾವಣೆಗೆ ಒಬ್ಬರೇ ಬಂದರು. ನಾನು ಬಾಯಿ ಬಿಡುವ ಮೊದಲೇ ಸೆರಗು ಸರಿಮಾಡಿಕೊಂಡು, ಕೈ ಮುಗಿದು ನಕ್ಕರು. ಇದನ್ನೆಲ್ಲ ಯಾವಾಗ ಕಲಿತರೋ.

"ಮೈದುನನ ಫೋಟೋ ಎಲ್ಲಿ ಹಾಕಲಿ?" ಅಂತ ಕೇಳಿದೆ.

"ಈ ಸಲ ಚುನಾವಣೇಲಿ ನನ್ನ ಎದುರಿಗೇ ನಿಂತವ್ನೆ. ಸಂಜೆ ನಿಮ್ಮ ಹತ್ರಾನೇ ಬರ್ತಾನೆ, ಚೆನ್ನಾಗಿ ಮಾಡ್ಕೊಡಿ."

ಬಂದ. ತನ್ನದರಲ್ಲೂ ಅಣ್ಣನ ಫೋಟೋ ಮೇಲಿರಲಿ ಅಂದ.

ಊರ ಬಾಗಿಲಲ್ಲಿ ಎರಡು ಫ್ಲೆಕ್ಸನ್ನೂ ಎದುರುಬದುರು ಕಟ್ಟಿದ್ದರು. ತೀರಿಕೊಂಡವರು ಎರಡರಲ್ಲೂ ಕೈ ಮುಗಿದಿದ್ದರು. ಯಾರಿಗೆ ವೋಟು ಕೇಳ್ತಿದ್ದಾರೋ ನನಗಂತೂ ಗೊತ್ತಾಗಲಿಲ್ಲ.