ಮುನಿವೆಂಕಟಮ್ಮ ತೋಡಿದ ಸುರಂಗ

ಗೊಟ್ಟಿಗೆರೆಯ ಮುನಿವೆಂಕಟಮ್ಮ ಓದಿದ್ದು ಆರನೇ ಕ್ಲಾಸು. ಅರವತ್ತರ ತನಕ ಸೊಪ್ಪು ಬೆಳೆದು ಮಾರಿದವರು. ಹೊಲದ ಮೇಲೆ ರಸ್ತೆ ಹಾದುಹೋದ ಮೇಲೆ ಖಾಲಿ ಕೂರುವುದು ಮೈಗೆ ಒಗ್ಗದೆ, ಊರಿನ ಮುದುಕಿಯರ ಸೋಬಾನೆ ಪದಗಳನ್ನು ಫೋನಿನಲ್ಲಿ ಹಿಡಿಯತೊಡಗಿದರು. ಏಳು ವರ್ಷಕ್ಕೆ ನಾನೂರು ಪದ. ಹಾಡಿದವರಲ್ಲಿ ಅರ್ಧ ಜನ ಈಗಿಲ್ಲ. ಅವರ ದನಿಯೆಲ್ಲ ನಡುಮನೆಯ ಹಳೇ ಕಂಪ್ಯೂಟರಿನಲ್ಲಿತ್ತು. ಬಾಡಿಗೆಯವರು ಬಿಟ್ಟುಹೋದ ಆ ಡಬ್ಬವನ್ನು, ವಿಡಿಯೋ ನೋಡಿ ನೋಡಿ ಸರ್ವರ್ ಮಾಡಿಕೊಂಡವರೂ ಅವರೇ.

ಜಯನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಮ್ಮನ ಮಗ ರಘುವಿಗೆ ಇದು ಹುಡುಗಾಟವಾಗಿ ಕಂಡಿತು.

"ಕಂಪನಿಯೋರ ಕ್ಲೌಡಿಗೆ ಹಾಕ್ಬಿಡಿ ಅತ್ತೆ, ತಲೆನೋವಿರಲ್ಲ."

"ಸತ್ತೋರ ದನಿ ಕಣೋ ಅದು. ಕಂಡೋರ ಮನೇಲಿ ಯಾಕಿಡ್ಲಿ?"

ಹೊರಗೆ ಹೋದಾಗಲೂ ಪದ ಕೇಳಲು ಸಿಗಲೆಂದು ಅವರು ರೌಟರಿನಲ್ಲಿ ಒಂದು ದಾರಿ ತೆರೆದು ಪಾಸ್‌ವರ್ಡ್ ಹಾಕಿದರು. ವಾರ ತುಂಬುವುದರೊಳಗೆ ರಘು ಫೋನ್ ಮಾಡಿದ. ಪದ ಹಾಡಿಕೊಟ್ಟು ತೀರಿಹೋಗಿದ್ದ ಕೆಂಪಕ್ಕ ಅವನ ಅಂಗಡಿಯಲ್ಲಿ ಹಾಡುತ್ತಿದ್ದಳು!

"ಹೆಂಗೋ ಒಳಕ್ಕೆ ಹೋದೆ?"

"ನಿಮ್ಮ ಹೊಲದ ಸರ್ವೆ ನಂಬರ್ ಹಾಕ್ದೆ. ಪರಿಹಾರಕ್ಕೆ ಅಲೆದು ಅಲೆದು ಊರಿಗೂರೇ ಬಾಯಿಪಾಠ ಮಾಡಿರೋ ನಂಬರು ಅತ್ತೆ ಅದು!"

ಮುನಿವೆಂಕಟಮ್ಮನ ಮುಖ ಸುಟ್ಟ ಬದನೆಕಾಯಿಯಾಯಿತು.

"ಒಂದು ಮಾತು," ಎಂದ ರಘು. "ಕೆಂಪಕ್ಕನ ಮೊಮ್ಮಗಳು ಸೌಮ್ಯನ ಅರಿಶಿನದ ದಿನ, ಬನಶಂಕರಿ ಛತ್ರದಲ್ಲಿ ಕೂತು ನಾನು ಕೇಳಿದ ಪದ ಮನೆಯಿಂದ ತೆಗೆದು ಹಾಕಿ. ಬೇರೆ ಯಾರಿಗೂ ತೆಗೆಯೋಕೆ ಬರಬಾರ್ದು. ಆಗ್ಲಿಲ್ವಾ, ಎಲ್ಲಾ ಕ್ಲೌಡಿಗೆ."

"ಆಗ್ಲಿ ಹೋಗಲೋ!"

ಅವತ್ತೇ ಆ ದಾರಿ ಮುಚ್ಚಿದರು. ಪಾಸ್‌ವರ್ಡಿನ ಸಹವಾಸವೇ ಬೇಡವೆಂದು ಹುಡುಕಿದಾಗ ಸಿಕ್ಕಿದ್ದು ವೈರ್‌ಗಾರ್ಡ್ ಎಂಬ ತಂತ್ರಾಂಶ. ಫೋನಿನಿಂದ ಮನೆಗೆ ನೇರ ಸುರಂಗ. ಒಂದೊಂದು ಫೋನಿಗೆ ಅದರದೇ ಕೀಲಿ. ಕೀಲಿ ಇಲ್ಲದವನು ಎಷ್ಟು ಬಡಿದರೂ ಒಳಗಿನಿಂದ ಕೆಮ್ಮೂ ಕೇಳಿಸದು.

ಮನೆಯಲ್ಲಿ ಎಲ್ಲ ನೆಟ್ಟಗಿತ್ತು. ವೈಫೈ ಆರಿಸಿಕೊಂಡು ಬಸ್‌ಸ್ಟಾಪಿಗೆ ಹೋದರೆ ಪದವಿಲ್ಲ, ಏನಿಲ್ಲ. ಹಿಂದಿರುಗಿ, ಕನ್ನಡಕ ಏರಿಸಿ ಒಂದೊಂದೇ ಸಾಲು ನೋಡಿದರು. ಫೋನಿಗೆ ಬರೆದಿದ್ದುದು ಮನೆಯೊಳಗಷ್ಟೇ ನಡೆಯುವ ವಿಳಾಸ. ಕಾಗದದ ಮೇಲೆ ಊರು ಬರೆಯದೆ 'ನಡುಮನೆ' ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದಂತೆ! ತಮ್ಮನ್ನೇ ಬೈದುಕೊಂಡು ಹೊರಗಿನ ವಿಳಾಸ ಬರೆದರು. ಮತ್ತೆ ಬಸ್‌ಸ್ಟಾಪು, ಆಗಲೂ ಪದವಿಲ್ಲ; ರೌಟರಿನಲ್ಲಿ ಸುರಂಗಕ್ಕೆ ಬಾಯಿ ತೆರೆದಿರಲಿಲ್ಲ, ಅದನ್ನೂ ತೆರೆದರು. ಮೂರನೇ ಸಲ ಹೋದಾಗ ಹೂವಿನ ನಾಗಲಕ್ಷ್ಮಮ್ಮ ಕೇಳಿದಳು, "ಬಸ್ ಬಂದ್ರೂ ಹತ್ತಲ್ವಲ್ಲ ಅಕ್ಕ, ಯಾರಿಗೆ ಕಾಯ್ತಿದೀಯ?"

"ಕೆಂಪಕ್ಕನಿಗೆ," ಎನ್ನುವಷ್ಟರಲ್ಲಿ ಫೋನು ಹಾಡತೊಡಗಿತು. ಹೂವಿನವಳು ಎದೆ ಹಿಡಿದುಕೊಂಡಳು.

ಅರಿಶಿನದ ದಿನ ಛತ್ರದಲ್ಲಿ ರಘು ಮೊದಲು ತನ್ನ ಫೋನಿನಿಂದ ನುಗ್ಗಲು ನೋಡಿದ. ಸರ್ವೆ ನಂಬರು ಹಾಕಲು ಜಾಗವೇ ಇರಲಿಲ್ಲ.

"ಕೆಂಪಕ್ಕಂದು ಒರಳುಕಲ್ಲು ಪೂಜೆ ಪದ ಹಾಕಿ ನೋಡಣ."

ಮುನಿವೆಂಕಟಮ್ಮ ಬೆರಳಾಡಿಸಿದರು. ಅಜ್ಜಿಯ ಒಡಕು ದನಿ ಸ್ಪೀಕರಿನಿಂದ ಎದ್ದಿತು. ಅರಿಶಿನ ಮೆತ್ತಿದ ಸೌಮ್ಯ ಅತ್ತು ನಕ್ಕಳು.

"ಸೋತೆ ಅತ್ತೆ," ಎಂದ ರಘು. "ಆ ಕೀಲಿ ನಂಗೂ ವಾಟ್ಸಾಪ್ ಮಾಡಿ."

"ವಾಟ್ಸಾಪಲ್ಲಿ ಕೀಲಿ ಕಳ್ಸೋಕೆ ನಂಗೇನು ಬುದ್ಧಿ ಕೆಟ್ಟಿದ್ಯಾ? ಫೋನ್ ತಗೊಂಡು ಮನೆಗೆ ಬಾ, ನಾನೇ ಮಾಡಿಕೊಡ್ತೀನಿ. ಅಂಗಡಿ ಬಾಗ್ಲು ಹಾಕಿ ಬಾ. ಅರ್ಧ ದಿನ ಹಿಡೀತದೆ, ನಿಂಗೆ ಅರ್ಥ ಮಾಡಿಸ್ಬೇಕಲ್ಲ!"