ತಡವಾಗಿ ಕೇಳಿದ ಸೀಟಿ

ಮನೆಯ ಮುಂದೆ ಟ್ರಕ್ಕೊಂದು ನಿಧಾನವಾಯಿತು. ಕಿಟಕಿಯಿಂದ ಯಾರೋ ಉದ್ದಕ್ಕೆ ಸೀಟಿ ಊದಿ, ನಕ್ಕು, ಹಿಮ ಚಿಮ್ಮಿಸುತ್ತ ಹೋದರು. ಆ ವಾರವೆಲ್ಲ ಇದೇ ಹಾಡು. ಮರ್ವಿನ್ ಪಾಲಿಚುಕ್ ಹಲ್ಲು ಕಚ್ಚಿ ಸ್ಕೇಟಿನ ಅಲಗು ಮಸೆಯುತ್ತಲೇ ಇದ್ದ.

ಎಳೆಯರ ಐಸ್ ಹಾಕಿಗೆ ಸೀಟಿ ಊದಿ ಒಂದು ಲೋಟ ಬಿಸಿ ಚಾಕಲೇಟು ಗಿಟ್ಟಿಸುತ್ತಿದ್ದವನು, ಸಸ್ಕಾಚೆವಾನ್ ಪ್ರಾಂತ್ಯದ ಬಯಲಿನ ಊರೂರು ಸುತ್ತುವ ವೃತ್ತಿಪರ ರೆಫರಿಯಾಗಿ ಕೂದಲು ನರೆಸಿಕೊಂಡಿದ್ದ. ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ಬಡಿದು ದವಡೆ ಸೀಳಿದಾಗ ಹೊಲಿಗೆ ಹಾಕಿಸಿಕೊಂಡು ಮತ್ತೆ ಮಂಜುಗಡ್ಡೆಗೆ ಇಳಿದಿದ್ದ. ತನ್ನ ತಾಯಿಯ ಹೆಸರೆತ್ತಿ ಬೈದವರ ಪಕ್ಕದಲ್ಲೇ ಮರುದಿನ ಪೆರೋಗಿ ಕಡುಬು ತಿಂದಿದ್ದ. ಬೈಗುಳ ಕೆಲಸದ ಭಾಗ. ಸುಳ್ಳು ಹೇಳುವುದು ಅಲ್ಲ.

ಕಳೆದ ಶನಿವಾರ ಅವನ ಊರಿನ ತಂಡವೇ ಆಡುತ್ತಿತ್ತು. ಎದುರಾಳಿ ಗೋಲ್‌ಕೀಪರನ ಕೈಗವಸಿನಡಿ ಕಪ್ಪು ಬಿಲ್ಲೆ ಮರೆಯಾಯಿತು. ಬಿಲ್ಲೆ ರೆಫರಿಗೆ ಕಾಣದಿದ್ದರೆ ಆಟ ನಿಲ್ಲಬೇಕು. ನಿಲ್ಲಿಸಲು ತೀರ್ಮಾನಿಸಿ ಮರ್ವಿನ್ ಸೀಟಿಯನ್ನು ತುಟಿಗಿಡುವಷ್ಟರಲ್ಲಿ ಬಿಲ್ಲೆ ಜಾರಿ ಗೋಲಿನೊಳಗೆ ಹೋಯಿತು. ಸೀಟಿ ಕೇಳಿದ್ದು ಆಮೇಲೆ. ಆದರೆ ರೆಫರಿ ತೀರ್ಮಾನಿಸಿದ ಕ್ಷಣವೇ ಆಟ ನಿಂತಂತೆ. ಸೀಟಿ ಬರೀ ಸುದ್ದಿ. ನಿಯಮ ಹಾಗಿದೆ. ಅವನು ಗೋಲು ಕೊಡಲಿಲ್ಲ. ಊರು ಸೋತಿತು.

ಮಧ್ಯಾಹ್ನ ರೆಫರಿಗಳ ಮುಖ್ಯಸ್ಥ ಗಾರ್ತ್ ಡೋನಟ್ ಡಬ್ಬಿ ಹಿಡಿದು ಬಂದ.

“ಬೂಟು ಬಿಚ್ಚು, ಡೋರೀನ್ ಬೈತಾಳೆ,” ಎಂದ ಮರ್ವಿನ್.

“ರಿಟೈರ್ ಆಗೋ ಮುಂಚೆ ಒಂದು ಫೈನಲ್ ಬೇಡ್ವೇನೋ ಮರ್ವ್? ಕೊಡ್ತೀನಿ. ರೇಡಿಯೋದವರಿಗೆ ಒಂದೇ ಮಾತು ಹೇಳ್ಬಿಡು. ಸೀಟಿ ಮೊದಲೇ ಊದಿದ್ದೆ, ಗಲಾಟೇಲಿ ಕೇಳಿಸ್ಲಿಲ್ಲ ಅಂತ.”

“ಊದಿರ್ಲಿಲ್ಲ.”

“ಅಯ್ಯೋ ಮಾರಾಯ, ಮನಸ್ಸಲ್ಲೇ ತೀರ್ಮಾನ ಮಾಡಿದ್ದೆ ಅಂದ್ರೆ ಜನ ನಗ್ತಾರೆ. ನಿನ್ನ ತಲೆ ಒಳಗೆ ಇಣುಕಿದೋರು ಯಾರು?”

“ನಾನು ಇಣುಕಿದ್ದೀನಿ,” ಒಲೆಯ ಬಳಿಯಿಂದ ಹೆಂಡತಿ ಡೋರೀನ್ ಅಂದಳು. “ಹಾಕಿ ಬಿಟ್ರೆ ಅಲ್ಲಿ ಏನೂ ಇಲ್ಲ.”

ಗಾರ್ತ್ ನಕ್ಕ. ಮರ್ವಿನ್‌ನ ಕಿವಿ ಕೆಂಪಾಗಿತ್ತು.

“ಆ ನಿಯಮ ನಂಗೆ ಕಲಿಸ್ದೋನು ಯಾರೋ? ಇದೇ ಊರಿನ ಐಸ್ ರಿಂಕಲ್ಲಿ, ನನ್ನ ಕಾಲರ್ ಹಿಡಿದು?”

“ಆಗ ಟೀವಿ ಇರ್ಲಿಲ್ಲ. ಈಗ ಬಿಲ್ಲೆ ಒಳಗೆ ಹೋಗೋದನ್ನ ನಿಧಾನಕ್ಕೆ ತಿರುಗಿಸಿ ತಿರುಗಿಸಿ ತೋರಿಸ್ತಾರೆ.”

“ಅಂದ್ರೆ ಟೀವಿ ಬಂದ್ಮೇಲೆ ಸುಳ್ಳು ಹೇಳ್ಬೇಕು!”

ಮರ್ವಿನ್ ಕುರ್ಚಿ ತಳ್ಳಿ ಎದ್ದು ಕೋಟು ಎಳೆದುಕೊಂಡ. ಡಬ್ಬಿಯನ್ನು ಗಾರ್ತ್‌ನ ಮಡಿಲಿಗೆ ನೂಕಿದ.

“ಫೈನಲ್ಲು ನೀನೇ ಇಟ್ಕೋ. ರೇಡಿಯೋಗೆ ಈಗಲೇ ಹೋಗ್ತೀನಿ. ಊದಿರ್ಲಿಲ್ಲ ಅಂತೀನಿ. ಆದ್ರೂ ಆಟ ನಿಂತಿತ್ತು, ಯಾಕಂದ್ರೆ ನಾನು—”

ಮಾತನ್ನು ಅಲ್ಲೇ ಬಿಟ್ಟು, ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ, ಹಿಮಕ್ಕಿಳಿದು ನಡೆದೇಬಿಟ್ಟ.